ಓದುಗರ ಪ್ರಶ್ನೆ, ಸಂಗೀತದ ಉತ್ತರ: ಶೂಬರ್ಟ್, ಶೋಪಾನ್, ಮತ್ತೆ ನಮ್ಮ ಮೈಸೂರು

ಹೋದ ಸಂಚಿಕೆಯಲ್ಲಿ ಮೊಜಾರ್ಟ್ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಕೇಳ್ತಿದ್ವು, ಅದರ ಮುಂದಿನ ಕಾಲದ ಕಥೆ ಹೇಳಿ ಅಂತ. ಹಾಗಾಗಿ ಈ ಸಲ ಪೂರ್ತಿ ಪುಟ ರೊಮ್ಯಾಂಟಿಕ್ ಕಾಲಕ್ಕೇ, ಅಂದ್ರೆ ಮೊಜಾರ್ಟ್ ಆದ ಮೇಲೆ ಯೂರೋಪಿನಲ್ಲಿ ಬಂದ ಶೂಬರ್ಟ್, ಶೋಪಾನ್, ವಾಗ್ನರ್ ಇವರ ಕಾಲಕ್ಕೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದ್ದೀನಿ.

ಮೊಜಾರ್ಟ್ ಕೇಳಿದ್ರೂ ಶೋಪಾನ್ ಕೇಳಿದ್ರೂ ನನಗೆ ಎರಡೂ "ವೆಸ್ಟರ್ನ್ ಕ್ಲಾಸಿಕಲ್" ಅಷ್ಟೇ ಸಾರ್. ಥಿಯರಿ ಓದದೆ, ಬರೀ ಕಿವಿಯಿಂದಾನೇ ವ್ಯತ್ಯಾಸ ಹಿಡಿಯೋದು ಹೇಗೆ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು

ಎರಡನ್ನ ಅಕ್ಕಪಕ್ಕ ಇಟ್ಕೊಂಡು ಕೇಳಿ, ಅದೇ ಸುಲಭದ ದಾರಿ. ಮೊದಲು ಮೊಜಾರ್ಟ್‌ನ ಯಾವುದಾದ್ರೂ ಪಿಯಾನೋ ಸೊನಾಟಾದ ನಿಧಾನದ ಭಾಗ ಹಾಕಿ, ಅದು ಮುಗಿದ ತಕ್ಷಣ ಶೋಪಾನ್‌ನ ನಾಕ್ಟರ್ನ್ (ರಾತ್ರಿಯ ಭಾವದ ಚಿಕ್ಕ ಪಿಯಾನೋ ಕೃತಿ), ಓಪಸ್ ಅಂದ್ರೆ ಕೃತಿ ಸಂಖ್ಯೆ 9, ನಂಬರ್ 2 ಹಾಕಿ, ನಾಲ್ಕೈದು ನಿಮಿಷದ್ದು ಅಷ್ಟೇ, ಶುರುವಾದ್ರೆ "ಓ ಇದಾ" ಅಂತೀರ, ಅಷ್ಟು ಕಡೆ ಕೇಳಿರ್ತೀರ. ಮೊಜಾರ್ಟ್‌ನಲ್ಲಿ ಸಾಲುಗಳು ಹೆಚ್ಚಾಗಿ ಅಳತೆ ಮಾಡಿಟ್ಟ ಹಾಗೆ ಬರತ್ತೆ, ಲಯ ಜಾಸ್ತಿ ಅಲ್ಲಾಡಲ್ಲ. ಶೋಪಾನ್‌ನಲ್ಲಿ ಎಡಗೈ ತನ್ನ ಪಾಡಿಗೆ ತಾಳ ಹಿಡ್ಕೊಂಡು ಹೋಗ್ತಿರತ್ತೆ, ಬಲಗೈ ಮಾತ್ರ ಒಂದು ಸ್ವರದ ಮೇಲೆ ಸ್ವಲ್ಪ ನಿಂತು, ಆಮೇಲೆ ಓಡಿ ಬಂದು ಜೊತೆಯಾಗತ್ತೆ, ಇದಕ್ಕೆ ರುಬಾಟೊ ಅಂತಾರೆ. ಇನ್ನೊಂದು ಗಮನಿಸಿ, ಆ ಮೊದಲ ರಾಗದ ಸಾಲು ಮತ್ತೆ ಮತ್ತೆ ಬರತ್ತಲ್ಲ, ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರಲ್ಲ, ಪ್ರತಿ ಸಲ ಹೊಸ ಸಂಗತಿ. ಕರ್ನಾಟಕ ಸಂಗೀತದ ಕಚೇರಿ ಕೇಳಿದ ಕಿವಿಗೆ ಇದು ತಟ್ಟಂತ ಹಿಡಿಸತ್ತೆ.

ಎರಡನೇ ಗುರುತು, ಮನೆಗೆ ವಾಪಸ್ ಬರೋದು ತಡ ಆಗತ್ತೆ. ನಮ್ಮಲ್ಲಿ ಷಡ್ಜ ಇರೋ ಹಾಗೆ ಅವರ ಸಂಗೀತದಲ್ಲೂ ಒಂದು ಆಧಾರ ಸ್ವರ ಇರತ್ತೆ, ಆದ್ರೆ ಅದು ದಾರಿಯಲ್ಲಿ ಜಾಗ ಬದಲಾಯಿಸ್ತಾ ಕೊನೆಗೆ ವಾಪಸ್ ಬರತ್ತೆ. ಮೊಜಾರ್ಟ್ ಎಷ್ಟೇ ಸುತ್ತಾಡಿದ್ರೂ ಕರ್ಕೊಂಡು ಬಂದು ಮನೆ ಮುಟ್ಟಿಸ್ತಾನೆ ಅನ್ನೋ ಧೈರ್ಯ ನಮಗಿರತ್ತೆ. ರೊಮ್ಯಾಂಟಿಕ್‌ನವರು ಆ ಧೈರ್ಯಾನೇ ಅಲ್ಲಾಡಿಸ್ತಾರೆ. 1865ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ಆಡಿದ ವಾಗ್ನರ್‌ನ ಟ್ರಿಸ್ಟಾನ್ ಒಪೆರಾ ಇದೆಯಲ್ಲ, ಅದರ ಶುರುವಿನಲ್ಲೇ ಒಂದು ಸ್ವರಗುಚ್ಛ ಪ್ರಶ್ನೆ ಥರ ಬಂದು ಗಾಳಿಯಲ್ಲೇ ನಿಂತುಬಿಡತ್ತೆ, ಅದಕ್ಕೆ ಸಮಾಧಾನ ಸಿಗೋದು ಸುಮಾರು ನಾಲ್ಕು ಗಂಟೆ ಆದ ಮೇಲೆ, ಕಥಾನಾಯಕಿ ಸಾಯೋ ಹೊತ್ತಿಗೆ.

ಮೂರನೇದು ಕಥೆ. 1830ರ ಡಿಸೆಂಬರ್ 5ಕ್ಕೆ ಪ್ಯಾರಿಸ್‌ನಲ್ಲಿ ಬರ್ಲಿಯೋಜ್ ಅನ್ನೋ 26 ವರ್ಷದ ಹುಡುಗ ತನ್ನ "ಫ್ಯಾಂಟಾಸ್ಟಿಕ್ ಸಿಂಫನಿ"ಯನ್ನ, ಅಂದ್ರೆ ಇಡೀ ಆರ್ಕೆಸ್ಟ್ರಾ ನುಡಿಸೋ ದೊಡ್ಡ ಕೃತಿಯನ್ನ, ಮೊದಲ ಸಲ ಜನರ ಮುಂದೆ ತಂದ, ಅವರ ಕೈಗೆ ಕಥೆಯನ್ನೂ ಅಚ್ಚು ಹಾಕಿಸಿ ಕೊಟ್ಟ. ಒಬ್ಬ ಕಲಾವಿದ, ಅವನಿಗೊಬ್ಬಳು ಪ್ರೇಯಸಿ, ಅವಳು ನೆನಪಾದಾಗೆಲ್ಲ ಒಂದೇ ರಾಗದ ಸಾಲು ಬರತ್ತೆ. ಅವನು ಅಫೀಮು ತಗೊಂಡು, ತಾನೇ ಅವಳನ್ನ ಕೊಂದು ಮರಣದಂಡನೆಗೆ ಹೋಗೋ ಕನಸು ಕಾಣ್ತಾನೆ. ನಾಲ್ಕನೇ ಭಾಗದ ಕೊನೆ ಕೇಳಿ, ಇಡೀ ಆರ್ಕೆಸ್ಟ್ರಾ ಸುಮ್ಮನಾಗಿ ಕ್ಲಾರಿನೆಟ್ ಒಂದೇ ಆ ಸಾಲನ್ನ ಶುರು ಮಾಡತ್ತೆ, ಪೂರ್ತಿ ಮಾಡೋಕೂ ಬಿಡದೆ ಧಡ್ ಅಂತ ಒಂದು ಹೊಡೆತ, ತಲೆ ಕಡಿಯೋ ಗಿಲೊಟಿನ್ ಬಿತ್ತು, ಹಿಂದೇನೇ ತಂತಿಗಳನ್ನ ಬೆರಳಲ್ಲಿ ಮೀಟೋ ಸದ್ದು, ಅದು ತಲೆ ಉರುಳೋದು. ಬೀಥೋವನ್ ಸತ್ತು ಬರೀ ಮೂರು ವರ್ಷ ಆಗಿತ್ತು ಆಗ!

ಕಾಲ ಕೇಳಿದ್ರೆ ಹೆಚ್ಚೂಕಮ್ಮಿ 1820ರಿಂದ 1900ರ ಆಸುಪಾಸು, ಬೀಥೋವನ್ ಬಾಗಿಲಲ್ಲಿ ನಿಂತವನು. ನಮ್ಮ ನವೋದಯದ ಕವಿಗಳು ಓದಿ ಬೆಳೆದ ವರ್ಡ್ಸ್‌ವರ್ತ್, ಶೆಲ್ಲಿಯ ಗಾಳಿಯೇ ಈ ಸಂಗೀತದ್ದೂ, ಅದಕ್ಕೇ ಭಾವಗೀತೆ ಕೇಳಿ ಬೆಳೆದ ಕನ್ನಡದವರಿಗೆ ಇದು ಪರಕೀಯ ಅನ್ನಿಸಬಾರದು ಅಂತ ನಾನು ಯಾವಾಗಲೂ ಹೇಳೋದು.

ನನ್ನ ಮಗಳು ಕೀಬೋರ್ಡ್ ಕಲಿಯಾಕತ್ತಾಳ್ರಿ, 61 ಕೀ ಇರೋದು. ಶೋಪಾನ್ ನುಡಿಸಬೇಕು ಅಂತ ಹಟ ಹಿಡದಾಳ. ಟೀಚರ್ ಇದರಾಗ ಆಗೂದಿಲ್ಲ ಅಂತಾರ. ಯಾಕ ಆಗೂದಿಲ್ಲ?
— ತಾಯಿಯೊಬ್ಬರು, ಹುಬ್ಬಳ್ಳಿ

ಟೀಚರ್ ಹೇಳಿದ್ದು ಸರಿ ಇದೆ ಮೇಡಂ, ಅದರ ಹಿಂದೆ ದೊಡ್ಡ ಕಥೆಯೇ ಇದೆ. ಮೊಜಾರ್ಟ್ ನುಡಿಸ್ತಿದ್ದ ಪಿಯಾನೋಗೂ ಐದೇ ಆಕ್ಟೇವ್ (ನಮ್ಮ ಸ್ಥಾಯಿ), ಅಂದ್ರೆ ಎಣಿಕೆಯಲ್ಲಿ ನಿಮ್ಮ ಮಗಳ ಕೀಬೋರ್ಡ್ ಥರ 61 ಕೀ. ಪೂರ್ತಿ ಮರದ ಚೌಕಟ್ಟು, ತೆಳ್ಳಗಿನ ತಂತಿ, ಚಿಕ್ಕ ಸುತ್ತಿಗೆಗಳಿಗೆ ಚರ್ಮದ ಹೊದಿಕೆ, ಸದ್ದು ಶುದ್ಧವಾಗಿ ಬಂದು ಬೇಗ ಆರಿಹೋಗ್ತಿತ್ತು. ಒಂದು ದಿವಾನಖಾನೆಗೆ ಅಷ್ಟು ಸಾಕಿತ್ತು. ಆಮೇಲೆ ಏನಾಯ್ತು ಅಂದ್ರೆ ಸಂಗೀತ ಅರಮನೆಯ ಕೋಣೆ ಬಿಟ್ಟು ಟಿಕೆಟ್ ಇಟ್ಟು ಜನ ಬರೋ ದೊಡ್ಡ ಹಾಲ್‌ಗಳಿಗೆ ಬಂತು, ಹಿಂದಿನ ಸಾಲಿಗೂ ಕೇಳಿಸಬೇಕಾಯ್ತು. ತಂತಿ ದಪ್ಪ ಮಾಡಿ ಬಿಗಿ ಮಾಡಿದ್ರೆ ಮರದ ಚೌಕಟ್ಟು ತಡ್ಕೊಳ್ಳಲ್ಲ. ಆಗ ಬಂದಿದ್ದು ಕಬ್ಬಿಣ. 1825ರಲ್ಲಿ ಬಾಸ್ಟನ್‌ನ ಆಲ್ಫಿಯಸ್ ಬ್ಯಾಬ್‌ಕಾಕ್ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ತಗೊಂಡ. ಅದಕ್ಕೂ ಮುಂಚೆ 1821ರಲ್ಲಿ ಪ್ಯಾರಿಸ್‌ನ ಎರಾರ್ ಕಂಪನಿ ಒಂದು ಕೀಯನ್ನ ಪೂರ್ತಿ ಮೇಲಕ್ಕೆ ಬರೋಕೆ ಬಿಡದೇನೇ ಮತ್ತೆ ಬಾರಿಸಬಹುದಾದ ಯಂತ್ರ ಕಂಡುಹಿಡಿದಿತ್ತು, ಒಂದೇ ಸ್ವರ ಮಳೆ ಥರ ಉದುರೋದು ಸಾಧ್ಯ ಆಗಿದ್ದು ಅದರಿಂದ. 1826ರಲ್ಲಿ ಸುತ್ತಿಗೆಗೆ ಚರ್ಮದ ಬದಲು ಉಣ್ಣೆಯ ಫೆಲ್ಟ್ ಬಂತು, ಸದ್ದು ಮೆತ್ತಗಾಯ್ತು, ದುಂಡಗಾಯ್ತು. 1859ರಲ್ಲಿ ನ್ಯೂಯಾರ್ಕಿನ ಸ್ಟೈನ್‌ವೇ ಗ್ರ್ಯಾಂಡ್ ಪಿಯಾನೋದಲ್ಲಿ ಕೆಳಗಿನ ಸ್ವರಗಳ ತಂತಿಯನ್ನ ಉಳಿದವುಗಳ ಮೇಲೆ ಅಡ್ಡ ಹಾಯಿಸಿ ಪೇಟೆಂಟ್ ತಗೊಂಡ್ರು. ಇವತ್ತಿನ ಕನ್ಸರ್ಟ್ ಗ್ರ್ಯಾಂಡ್‌ನಲ್ಲಿ ಎಲ್ಲಾ ತಂತಿಗಳ ಎಳೆತ ಸೇರಿದ್ರೆ ಸುಮಾರು 20 ಟನ್! ಕೀಗಳು 88 ಆಗಿದ್ದು 1880ರ ಹೊತ್ತಿಗೆ.

ಈಗ ಶೋಪಾನ್‌ಗೆ ಬರೋಣ. ಮೇಲೆ ಹೇಳಿದ ನಾಕ್ಟರ್ನ್‌ನಲ್ಲಿ ಎಡಗೈ ಮೊದಲು ಕೆಳಗೆ ದೂರದಲ್ಲಿ ಒಂದು ಸ್ವರ ಬಾರಿಸಿ ತಕ್ಷಣ ಮೇಲಕ್ಕೆ ಹಾರಬೇಕು, ಕೈ ಬಿಟ್ಟ ಮೇಲೂ ಆ ಕೆಳಗಿನ ಸ್ವರ ಮೊಳಗ್ತಾನೇ ಇರಬೇಕು, ಅದು ಆಗೋದು ಕಾಲಿನ ಕೆಳಗಿರೋ ಪೆಡಲ್‌ನಿಂದ. ಪೆಡಲ್ ಇಲ್ಲದ, ಬೆರಳಿನ ಭಾರ ತಿಳಿಯದ ಕೀಬೋರ್ಡ್‌ನಲ್ಲಿ ಸ್ವರಗಳೇನೋ ಬರತ್ತೆ, ಶೋಪಾನ್ ಬರಲ್ಲ. ಶೋಪಾನ್ ಜೋರಾಗಿ ನುಡಿಸೋನೇ ಅಲ್ಲ, ಜೀವಮಾನದಲ್ಲಿ ಸಾರ್ವಜನಿಕ ಕಚೇರಿ ಕೊಟ್ಟಿದ್ದೇ ಸುಮಾರು 30, ಅವನಿಗೆ ಇಷ್ಟ ಇದ್ದದ್ದು ಪ್ಲೆಯೆಲ್ ಕಂಪನಿಯ ನಾಜೂಕಾದ ಪಿಯಾನೋ, ಪಿಸುಮಾತಿನಲ್ಲೇ ಹತ್ತು ಬಣ್ಣ ತೋರಿಸೋವಂಥದ್ದು. ಇದಕ್ಕೆ ಪೂರ್ತಿ ಉಲ್ಟಾ ಅವನ ಗೆಳೆಯ ಫ್ರಾಂಜ್ ಲಿಸ್ಟ್, ತಂತಿ ಕಿತ್ತುಹೋಗೋ ಹಾಗೆ ಬಾರಿಸ್ತಿದ್ದ, ಹೆಂಗಸರು ಅವನ ಕೈಗವಸಿಗೆ ಕಿತ್ತಾಡ್ತಿದ್ರು, ಒಬ್ಬನೇ ಕೂತು ಇಡೀ ಸಂಜೆ ನುಡಿಸೋ ಕಚೇರಿಗೆ 1840ರಲ್ಲಿ ಲಂಡನ್‌ನಲ್ಲಿ "ರಿಸೈಟಲ್" ಅಂತ ಹೆಸರು ಬಿದ್ದಿದ್ದೂ ಅವನಿಂದಾನೇ. ಇಷ್ಟೆಲ್ಲ ಮೆರೆದೋನು 1847ರಲ್ಲಿ, 35ನೇ ವಯಸ್ಸಿಗೆ, ದುಡ್ಡಿಗೆ ನುಡಿಸೋದನ್ನೇ ನಿಲ್ಲಿಸಿಬಿಟ್ಟ.

ಮಗಳ ಹಟ ಒಳ್ಳೇದು, ತಡೀಬೇಡಿ. ಪಿಯಾನೋ ಕೊಳ್ಳೋದು ಎಲ್ಲರ ಕೈಲಿ ಆಗಲ್ಲ, 88 ಕೀ ಇರೋ, ಕೀಗೆ ತೂಕ ಇರೋ ಡಿಜಿಟಲ್ ಪಿಯಾನೋ ನೋಡಿ, ಪೆಡಲ್ ಜೊತೆಗೇ ತಗೊಳ್ಳಿ. ಅಲ್ಲಿವರೆಗೂ ಮೊಜಾರ್ಟ್ ಕಲೀಲಿ, ನಾಕ್ಟರ್ನ್ ಕಿವಿಯಲ್ಲಿ ಇಳೀತಾ ಇರಲಿ.

ನಮ್ಮ ಮಹಾರಾಜರಿಗೂ ಪಾಶ್ಚಾತ್ಯ ಸಂಗೀತಗಾರರಿಗೂ ನಂಟಿತ್ತಂತೆ, ಯಾರೋ ರಷ್ಯಾದವರಿಗೆ ದುಡ್ಡು ಕೊಟ್ಟಿದ್ರಂತೆ. ನಿಜವಾ?
— ನಿವೃತ್ತ ಶಿಕ್ಷಕರು, ಮೈಸೂರು

ನೂರಕ್ಕೆ ನೂರು ನಿಜ, ಮೈಸೂರಿನವರಿಗೇ ಇದು ಸರಿಯಾಗಿ ಗೊತ್ತಿಲ್ಲ ಅನ್ನೋದು ನನಗೆ ಬೇಜಾರು. ಜಯಚಾಮರಾಜ ಒಡೆಯರು ಅಂದ್ರೆ ನಮಗೆ ಶ್ರೀವಿದ್ಯಾ ಅಂಕಿತದ 94 ಕೃತಿಗಳು ನೆನಪಾಗತ್ತೆ. ಆದ್ರೆ ಅವರು ಚಿಕ್ಕಂದಿನಿಂದ ಪಿಯಾನೋ ಕಲಿತವರು, ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲಿನ ಲೈಸೆನ್ಷಿಯೇಟ್ ಪಡೆದವರು, 1945ರಲ್ಲಿ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದವರು. 1940ರಲ್ಲಿ ಮಾರ್ಚ್‌ನಲ್ಲಿ ತಂದೆ, ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡ್ರು, 21 ವರ್ಷದ ಹುಡುಗನ ಮೇಲೆ ಸಿಂಹಾಸನ ಬಂತು, ವೇದಿಕೆ ಮೇಲಿನ ಪಿಯಾನಿಸ್ಟ್ ಆಗೋ ದಾರಿ ಅಲ್ಲಿಗೆ ಮುಚ್ಚಿಹೋಯ್ತು.

ನೀವು ಕೇಳಿದ ರಷ್ಯಾದವರು ನಿಕೊಲಾಯ್ ಮೆಟ್ನರ್, ಪಿಯಾನಿಸ್ಟ್, ಸಂಗೀತ ರಚನೆಕಾರ, ಹುಟ್ಟಿದ್ದು 1880ರಲ್ಲಿ. ರಷ್ಯಾದ ಇನ್ನೊಬ್ಬ ರಚನೆಕಾರ ರಾಖ್ಮನಿನೊಫ್‌ಗೆ ಆಪ್ತ ಗೆಳೆಯ, ರಾಖ್ಮನಿನೊಫ್ ತನ್ನ ನಾಲ್ಕನೇ ಪಿಯಾನೋ ಕನ್ಸರ್ಟೋ (ಒಂದು ಪಿಯಾನೋ, ಜೊತೆಗೆ ಇಡೀ ಆರ್ಕೆಸ್ಟ್ರಾ ನುಡಿಸೋ ಕೃತಿ) ಇವನಿಗೆ ಅರ್ಪಿಸಿದ್ದಾನೆ, ಮೆಟ್ನರ್ ತನ್ನ ಎರಡನೇದನ್ನ ಅವನಿಗೆ. ಇಬ್ಬರೂ ಕ್ರಾಂತಿ ಆದ ಮೇಲೆ ರಷ್ಯಾ ಬಿಟ್ಟವರು, ಇಬ್ಬರೂ ಹೊಸ ಶತಮಾನದಲ್ಲೂ ರೊಮ್ಯಾಂಟಿಕ್ ಭಾಷೆಯನ್ನ ಬಿಡದೇ ಇದ್ದವರು. ಅದಕ್ಕೆ ಮೆಟ್ನರ್ ದೊಡ್ಡ ಬೆಲೆಯನ್ನೇ ತೆತ್ತ, ಹಳೇ ಕಾಲದವನು ಅಂತ ಯೂರೋಪ್ ಅವನನ್ನ ಮರೆತುಬಿಡ್ತು, 1930ರ ದಶಕದ ನಡುವಿನಲ್ಲಿ ಲಂಡನ್ನಿಗೆ ಬಂದು ಪಾಠ ಹೇಳ್ಕೊಂಡು ಕಷ್ಟದಲ್ಲಿ ಬದುಕ್ತಿದ್ದ. ಅವನ ಸಂಗೀತವನ್ನ ಇಷ್ಟಪಟ್ಟಿದ್ದ ಮೈಸೂರಿನ ದೊರೆ, ಅದು ಕಳೆದುಹೋಗಬಾರದು ಅಂತ ಮೆಟ್ನರ್ ಸೊಸೈಟಿ ಮಾಡಿಸಿ, ದುಡ್ಡು ಹಾಕಿ, ಎಚ್‌ಎಂವಿ ಕಂಪನಿಯಿಂದ ರೆಕಾರ್ಡ್ ಮಾಡಿಸಿದ್ರು. ಪಿಯಾನೋ ಮುಂದೆ ಕೂತಿದ್ದು ಸ್ವತಃ ಮೆಟ್ನರ್, 67 ದಾಟಿದ, ಆರೋಗ್ಯ ಕೆಟ್ಟ ಮನುಷ್ಯ, ಮೂರು ಕನ್ಸರ್ಟೋ, ಎಷ್ಟೋ ಹಾಡು, ಪಿಯಾನೋ ಕೃತಿಗಳನ್ನ ದಾಖಲಿಸಿಬಿಟ್ಟು 1951ರ ನವೆಂಬರ್‌ನಲ್ಲಿ ತೀರಿಕೊಂಡ. ಮೂರನೇ ಕನ್ಸರ್ಟೋದ ಅರ್ಪಣೆಯಲ್ಲಿ ಮೈಸೂರು ಮಹಾರಾಜರ ಹೆಸರಿದೆ. ಇವತ್ತು ಜಗತ್ತಿನ ಎಲ್ಲೇ ಆಗಲಿ, ಮೆಟ್ನರ್ ತನ್ನ ಕೃತಿಯನ್ನ ತಾನೇ ಹೇಗೆ ನುಡಿಸ್ತಿದ್ದ ಅಂತ ತಿಳ್ಕೊಳ್ಳೋಕೆ ಹೊರಟ ಪಿಯಾನೋ ವಿದ್ಯಾರ್ಥಿ ಬಂದು ಮುಟ್ಟೋದು ಬಹುಮಟ್ಟಿಗೆ ಆ ರೆಕಾರ್ಡುಗಳಿಗೇ.

ಇಷ್ಟಕ್ಕೇ ಮುಗೀಲಿಲ್ಲ. 1945ರಲ್ಲಿ ವಾಲ್ಟರ್ ಲೆಗ್ ಕಟ್ಟಿದ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಗೆ ಮೊದಲ ಅಧ್ಯಕ್ಷರು ನಮ್ಮ ಒಡೆಯರು, ಯುದ್ಧ ಮುಗಿದ ಆ ಬಡ ದಿನಗಳಲ್ಲಿ ಅದನ್ನ ನಿಲ್ಲಿಸಿದ ಹಣದಲ್ಲಿ ಮೈಸೂರಿನದ್ದೂ ಸೇರಿತ್ತು. ಜರ್ಮನಿಯ ರಚನೆಕಾರ ರಿಚರ್ಡ್ ಸ್ಟ್ರೌಸ್ ತನ್ನ 84ನೇ ವಯಸ್ಸಿನಲ್ಲಿ ಬರೆದ "ಕೊನೆಯ ನಾಲ್ಕು ಹಾಡುಗಳು" ಇವೆ, ಇಡೀ ರೊಮ್ಯಾಂಟಿಕ್ ಕಾಲಕ್ಕೆ ವಿದಾಯ ಅಂತಲೇ ಅವನ್ನ ಎಲ್ಲರೂ ಕೇಳೋದು. ಸ್ಟ್ರೌಸ್ ತೀರಿಕೊಂಡ ಮೇಲೆ, 1950ರ ಮೇ 22ಕ್ಕೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಅವು ಮೊದಲ ಸಲ ಕೇಳಿಬಂದ್ವು, ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್, ನುಡಿಸಿದ್ದು ಅದೇ ಫಿಲ್‌ಹಾರ್ಮೋನಿಯಾ, ನಷ್ಟ ಆದ್ರೆ ನಾನಿದ್ದೀನಿ ಅಂತ ಹಣದ ಖಾತರಿ ಕೊಟ್ಟಿದ್ದು ಮೈಸೂರು ಮಹಾರಾಜರು. ಎರಡನೇ ಹಾಡು "ಸೆಪ್ಟೆಂಬರ್" ಕೊನೆಯಲ್ಲಿ ಗಾಯಕಿ ನಿಲ್ಲಿಸಿದ ಮೇಲೆ ಒಂದು ಹಾರ್ನ್ ಆ ರಾಗವನ್ನ ಕೈಗೆತ್ಕೊಳ್ಳತ್ತೆ ಕೇಳಿ, ಸ್ಟ್ರೌಸ್‌ನ ಅಪ್ಪ ಮ್ಯೂನಿಕ್‌ನ ಆಸ್ಥಾನದ ಆರ್ಕೆಸ್ಟ್ರಾದಲ್ಲಿ ಹಾರ್ನ್ ನುಡಿಸ್ತಿದ್ದವರು. ಕೊನೇ ಹಾಡಿನಲ್ಲಿ ಎರಡು ಬಾನಾಡಿಗಳು ಕೊಳಲಿನ ಕಂಪನದಲ್ಲಿ ಮೇಲಕ್ಕೆ ಏರ್ತಾವೆ. ನಾನು ಎಷ್ಟೇ ಸಲ ಕೇಳಿದ್ರೂ ಅಲ್ಲಿ ಗಂಟಲು ಕಟ್ಟತ್ತೆ.

ಸ್ಯಾಕ್ಸೋಫೋನ್ ಅಂದ್ರೆ ನಮಗೆ ಕದ್ರಿ ಗೋಪಾಲನಾಥರು. ಈ ವಾದ್ಯ ರೊಮ್ಯಾಂಟಿಕ್ ಕಾಲದ್ದೇ ಅಂತ ಓದಿದೆ, ಹಾಗಿದ್ರೆ ಆ ಕಾಲದ ಸಿಂಫನಿಗಳಲ್ಲಿ ಯಾಕೆ ಕೇಳಿಸಲ್ಲ?
— ಓದುಗರು, ಮಂಗಳೂರು

ಬಹಳ ಒಳ್ಳೆ ಪ್ರಶ್ನೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ತಗೊಂಡ ವಾದ್ಯ ಇದು. ಮೈ ಹಿತ್ತಾಳೆ, ಬಾಯಿ ಕ್ಲಾರಿನೆಟ್ ಥರ ಒಂದು ರೀಡ್. ಬರ್ಲಿಯೋಜ್ ಪೇಟೆಂಟಿಗೂ ಮುಂಚೆಯೇ, 1842ರಲ್ಲೇ ಪತ್ರಿಕೆಯಲ್ಲಿ ಹೊಗಳಿ ಬರೆದಿದ್ದ. ಆದ್ರೆ ಬೇರೆ ವಾದ್ಯ ತಯಾರಕರು ಒಟ್ಟಾಗಿ ಸ್ಯಾಕ್ಸ್ ಮೇಲೆ ಕೇಸಿನ ಮೇಲೆ ಕೇಸು ಹಾಕಿದ್ರು, ಪಾಪ ಮನುಷ್ಯ ಮತ್ತೆ ಮತ್ತೆ ದಿವಾಳಿಯಾದ. ಆ ಹೊತ್ತಿಗೆ ಆರ್ಕೆಸ್ಟ್ರಾದಲ್ಲಿ ಯಾರ ಕುರ್ಚಿ ಎಲ್ಲಿ ಅಂತ ಗಟ್ಟಿಯಾಗಿಬಿಟ್ಟಿತ್ತು, ಸ್ಯಾಕ್ಸೋಫೋನ್‌ಗೆ ಜಾಗ ಸಿಕ್ಕಿದ್ದು ಮಿಲಿಟರಿ ಬ್ಯಾಂಡ್‌ನಲ್ಲಿ. ಫ್ರಾನ್ಸಿನ ರಚನೆಕಾರ ಬಿಜೆ 1872ರಲ್ಲಿ "ಲಾರ್ಲೆಸಿಯೆನ್" ನಾಟಕದ ಸಂಗೀತದಲ್ಲಿ ಅದಕ್ಕೆ ಒಂದು ಚೆಂದದ ಸಾಲು ಕೊಟ್ಟಿದ್ದಾನೆ, ಹುಡುಕಿ ಕೇಳಿ.

ಮಿಲಿಟರಿ ಬ್ಯಾಂಡ್‌ಗೆ ಹೋಗಿದ್ದೇ ನಮ್ಮ ಭಾಗ್ಯ. ಬ್ಯಾಂಡ್ ಮೂಲಕವೇ ಅದು ಮೈಸೂರು ಅರಮನೆಗೂ ಬಂತು, ನಾಲ್ವಡಿಯವರು ತಾವೇ ನುಡಿಸ್ತಿದ್ದ ವಾದ್ಯಗಳಲ್ಲಿ ಸ್ಯಾಕ್ಸೋಫೋನ್ ಕೂಡ ಒಂದು. ನಾಗಸ್ವರದ ಮನೆತನದ ಹುಡುಗ ಗೋಪಾಲನಾಥರು ಅದನ್ನ ಕೇಳಿ ಮನಸೋತಿದ್ದು ಆ ಅರಮನೆ ಬ್ಯಾಂಡ್‌ನಲ್ಲೇ. ಗಮಕ ಹಿಡಿಸೋಕೆ ವಾದ್ಯವನ್ನೇ ತಿದ್ದಿ, ವರ್ಷಗಟ್ಟಲೆ ಬೆವರು ಸುರಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿದ್ರು. ಸ್ಯಾಕ್ಸ್ ಊಹಿಸೋಕೂ ಆಗದ ಜಾಗಕ್ಕೆ ಅವನ ವಾದ್ಯವನ್ನ ಕರ್ಕೊಂಡು ಹೋದವರು ನಿಮ್ಮೂರ ಕಡೆಯವರು, ಹೆಮ್ಮೆಯಿಂದ ಹೇಳ್ಕೊಳ್ಳಿ.

ನಾನು ಭಾವಗೀತೆ ಹಾಡ್ತೀನಿ. ಕವಿಯ ಕವನಕ್ಕೆ ರಾಗ ಹಾಕೋದು ಅವರಲ್ಲೂ ಇತ್ತಾ?
— ಗಾಯಕಿ, ಧಾರವಾಡ

ಇತ್ತು, ಅದು ಆ ಕಾಲದ ಹೃದಯವೇ ಅಂದ್ರೂ ತಪ್ಪಿಲ್ಲ. ಜರ್ಮನ್‌ನಲ್ಲಿ ಲೀಡ್ ಅಂತಾರೆ, ಒಬ್ಬ ಗಾಯಕ, ಒಂದು ಪಿಯಾನೋ, ಒಂದು ಕವನ, ಇಷ್ಟೇ. ವಿಯೆನ್ನಾದ ಫ್ರಾಂಜ್ ಶೂಬರ್ಟ್ ಬದುಕಿದ್ದೇ 31 ವರ್ಷ, 1797ರಿಂದ 1828, ಅಷ್ಟರಲ್ಲಿ 600ಕ್ಕೂ ಜಾಸ್ತಿ ಹಾಡು. ಬಹುಪಾಲು ಗೆಳೆಯರ ಮನೆಯ ಸಂಜೆಗಳಲ್ಲಿ ಹಾಡಿಸಿದ್ದು, ದೊಡ್ಡ ಹಾಲ್ ಅವನಿಗೆ ಹೆಚ್ಚು ಸಿಗಲೇ ಇಲ್ಲ.

ನೀವು ಗಾಯಕಿ ಆದ್ರಿಂದ ಒಂದೇ ಒಂದು ಹಾಡು ಕೊಡ್ತೀನಿ, "ಎರ್ಲ್‌ಕ್ಯೋನಿಗ್", ಜರ್ಮನಿಯ ಮಹಾಕವಿ ಗಯಟೆಯ ಕವನ, ಶೂಬರ್ಟ್ ಅದಕ್ಕೆ ರಾಗ ಹಾಕಿದಾಗ 18 ವರ್ಷ. ರಾತ್ರಿ, ಗಾಳಿ, ಅಪ್ಪ ಜ್ವರ ಬಂದಿರೋ ಮಗನನ್ನ ಎದೆಗೆ ಒತ್ಕೊಂಡು ಕುದುರೆ ಓಡಿಸ್ತಿದ್ದಾನೆ, ಮಗನಿಗೆ ಮಾತ್ರ ಕಾಡಿನ ದೊರೆಯೊಬ್ಬ ಕರೀತಿರೋದು ಕೇಳಿಸ್ತಿದೆ. ಪಿಯಾನೋದ ಬಲಗೈ ಮೊದಲ ಕ್ಷಣದಿಂದ ಒಂದೇ ಸ್ವರವನ್ನ ಮೂರು ಮೂರಾಗಿ ಬಡೀತಾ ಹೋಗತ್ತೆ, ಅದೇ ಕುದುರೆ ಗೊರಸು, ಪಿಯಾನೋ ನುಡಿಸೋರ ಮಣಿಕಟ್ಟು ಸೋತುಹೋಗೋವಷ್ಟು ಕಷ್ಟ ಅದು. ಒಬ್ಬನೇ ಗಾಯಕ ನಾಲ್ಕು ದನಿ ತೆಗೀಬೇಕು, ಕಥೆ ಹೇಳೋನು, ಕೆಳಗಿನ ದನಿಯ ಅಪ್ಪ, ಹೆದರಿದ ಮಗು, ಆಮೇಲೆ ಆ ದೊರೆ. ಶೂಬರ್ಟ್‌ನ ಜಾಣತನ ನೋಡಿ, ಭಯ ಹುಟ್ಟಿಸಬೇಕಾದ ದೊರೆಗೇ ಎಲ್ಲಕ್ಕಿಂತ ಸಿಹಿಯಾದ ರಾಗ ಕೊಟ್ಟಿದ್ದಾನೆ, ಲಾಲಿ ಥರ, ಮೆಲ್ಲಗೆ. ಮಗು "ಅಪ್ಪಾ, ಅಪ್ಪಾ" ಅಂತ ಕೂಗಿದಾಗೆಲ್ಲ ಸ್ವರ ಹಿಂದಿನ ಸಲಕ್ಕಿಂತ ಮೇಲೆ ಏರತ್ತೆ, ಪಿಯಾನೋ ಜೊತೆ ಕರ್ಕಶವಾಗಿ ಡಿಕ್ಕಿ ಹೊಡೆಯತ್ತೆ. ಮನೆ ಮುಟ್ಟಿದ ಮೇಲೆ ಗೊರಸಿನ ಸದ್ದು ನಿಂತುಬಿಡತ್ತೆ, ಗಾಯಕ ಹಾಡೋದನ್ನೇ ಬಿಟ್ಟು ಮಾತಾಡೋ ಹಾಗೆ ಹೇಳ್ತಾನೆ, ಅವನ ತೋಳಲ್ಲಿ ಮಗು... ಒಂದು ಮೌನ... ಸತ್ತಿತ್ತು. ಎರಡು ಸ್ವರಗುಚ್ಛ, ಮುಗೀತು. ನಾಲ್ಕು ನಿಮಿಷದ ಹಾಡು ಇದು.

ಗೆಳೆಯರು 1816ರಲ್ಲಿ ಇದನ್ನ ಗಯಟೆಗೆ ಕಳಿಸಿದ್ರು, ಉತ್ತರ ಇಲ್ಲದೆ ವಾಪಸ್ ಬಂತು. 1830ರಲ್ಲಿ ಶ್ರೋಡರ್-ಡೆವ್ರಿಯೆಂಟ್ ಅನ್ನೋ ಗಾಯಕಿ ಎದುರಿಗೆ ಹಾಡಿ ತೋರಿಸಿದಾಗ ಮುದುಕ ಕವಿ ಮೆಚ್ಚಿದ, ಶೂಬರ್ಟ್ ಸತ್ತು ಎರಡು ವರ್ಷ ಆಗಿತ್ತು. ಕವನಕ್ಕೆ ರಾಗ ಹಾಕೋರು ಕವನದ ದಾಸರಾಗಿರಬೇಕು ಅನ್ನೋದು ಗಯಟೆಯ ನಂಬಿಕೆ, ಶೂಬರ್ಟ್ ಕವನದ ಒಳಗೆ ನುಗ್ಗಿ ಅದರ ದನಿಯನ್ನೇ ಕಂಡುಹಿಡಿದ. ನಾನು ಶೂಬರ್ಟ್ ಕಡೆ.

ಆ ಕಾಲದಲ್ಲಿ ಹೆಂಗಸರು ಯಾರೂ ಸಂಗೀತ ರಚನೆ ಮಾಡ್ಲಿಲ್ವಾ? ಎಲ್ಲಾ ಹೆಸರೂ ಗಂಡಸರದ್ದೇ.
— ಪದವಿ ವಿದ್ಯಾರ್ಥಿನಿ, ತುಮಕೂರು

ಮಾಡಿದ್ರು, ಮಾಡೋಕೆ ಬಿಡ್ಲಿಲ್ಲ. ಫೆಲಿಕ್ಸ್ ಮೆಂಡಲ್‌ಸನ್ ಗೊತ್ತಲ್ಲ, ಅವನ ಅಕ್ಕ ಫ್ಯಾನಿ ಅವನಷ್ಟೇ ಪ್ರತಿಭಾವಂತೆ, 400ಕ್ಕೂ ಜಾಸ್ತಿ ರಚನೆ ಇದೆ. ಅಪ್ಪ ಪತ್ರ ಬರೆದು ತಿಳಿಸಿದ, ಸಂಗೀತ ತಮ್ಮನಿಗೆ ಕಸುಬಾಗಬಹುದು, ನಿನಗೆ ಬರೀ ಅಲಂಕಾರ ಅಂತ. ಅವಳ ಆರು ಹಾಡು ತಮ್ಮನ ಹೆಸರಲ್ಲಿ ಅಚ್ಚಾದ್ವು. 1842ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ವಿಕ್ಟೋರಿಯಾ ರಾಣಿ ಆ ಪುಸ್ತಕದಿಂದ ತನಗೆ ಇಷ್ಟದ ಹಾಡು ಆರಿಸಿ ಹಾಡಿದ್ಲು, ಇದು ನನ್ನ ಅಕ್ಕನದ್ದು ಅಂತ ಫೆಲಿಕ್ಸ್ ಒಪ್ಕೋಬೇಕಾಯ್ತು. ಸ್ವಂತ ಹೆಸರಲ್ಲಿ ಓಪಸ್ 1 ತಂದಿದ್ದು 1846ರಲ್ಲಿ, 40 ವಯಸ್ಸಿಗೆ, ಮುಂದಿನ ಮೇ ತಿಂಗಳಲ್ಲಿ ತೀರಿಹೋದಳು, ಅದೇ ನವೆಂಬರ್‌ನಲ್ಲಿ ತಮ್ಮನೂ.

ಕ್ಲಾರಾ ಶೂಮನ್ ಕಥೆ ಬೇರೆ ಥರ. ತನ್ನ ಪಿಯಾನೋ ಕನ್ಸರ್ಟೋವನ್ನ 1835ರಲ್ಲಿ ತಾನೇ ನುಡಿಸಿದಾಗ 16 ವರ್ಷ, ಆರ್ಕೆಸ್ಟ್ರಾ ನಡೆಸಿದ್ದು ಮೆಂಡಲ್‌ಸನ್. ರಾಬರ್ಟ್ ಶೂಮನ್‌ನ ಮದುವೆ ಆಗೋಕೆ ಅಪ್ಪನ ವಿರುದ್ಧ ಇಬ್ಬರೂ ಕೋರ್ಟಿಗೆ ಹೋಗಿ ಗೆದ್ದು 1840ರಲ್ಲಿ ಮದುವೆಯಾದ್ರು, ಆ ಒಂದು ವರ್ಷದಲ್ಲಿ ಅವನು ನೂರಕ್ಕೂ ಜಾಸ್ತಿ ಹಾಡು ಬರೆದ. ಎಂಟು ಮಕ್ಕಳು, ಗಂಡನಿಗೆ ಮನಸ್ಸಿನ ಕಾಯಿಲೆ, 1854ರಲ್ಲಿ ಅವನು ರೈನ್ ನದಿಗೆ ಹಾರಿದ, ಬದುಕಿ ಉಳಿದು ಎರಡು ವರ್ಷ ಆಸ್ಪತ್ರೆಯಲ್ಲಿದ್ದು ತೀರಿಕೊಂಡ. ಮನೆ ನಡೆಸಿದ್ದು ಕ್ಲಾರಾಳ ಕಚೇರಿಗಳು. ಹೆಂಗಸು ರಚನೆಗೆ ಆಸೆಪಡಬಾರದು ಅಂತ 20 ವರ್ಷಕ್ಕೇ ಡೈರಿಯಲ್ಲಿ ಬರ್ಕೊಂಡಿದ್ಲು ಈಕೆ, ಓದಿದ್ರೆ ಹೊಟ್ಟೆ ಉರಿಯತ್ತೆ. 1846ರ ಅವಳ ಪಿಯಾನೋ ಟ್ರಯೋ ಕೇಳಿ, ಏನನ್ನ ಕಳ್ಕೊಂಡ್ವಿ ಅಂತ ಗೊತ್ತಾಗತ್ತೆ.

ವಾಗ್ನರ್ ಯಹೂದಿ ದ್ವೇಷಿ ಅಂತಾರೆ. ಅಂಥವನ ಸಂಗೀತ ಕೇಳಬಹುದಾ?
— ಓದುಗರು, ಶಿವಮೊಗ್ಗ

ದ್ವೇಷಿ ಅನ್ನೋದರಲ್ಲಿ ಅನುಮಾನ ಬೇಡ, 1850ರಲ್ಲಿ ಅದರ ಬಗ್ಗೆ ಲೇಖನವನ್ನೇ ಬರೆದ, ಮೊದಲು ಕಳ್ಳಹೆಸರಲ್ಲಿ, 1869ರಲ್ಲಿ ಸ್ವಂತ ಹೆಸರಲ್ಲಿ. ತನಗೆ ಸಹಾಯ ಮಾಡಿದ್ದ ಯಹೂದಿ ರಚನೆಕಾರ ಮೈಯರ್‌ಬೇರ್ ಮೇಲೂ, ಆಗಲೇ ತೀರಿಹೋಗಿದ್ದ ಮೆಂಡಲ್‌ಸನ್ ಮೇಲೂ ವಿಷ ಕಕ್ಕಿದ್ದಾನೆ. ಹಾಗೇ 15 ಗಂಟೆಯ "ರಿಂಗ್" ಒಪೆರಾ ಸರಣಿ ಬರೆದಿದ್ದೂ, ಅದಕ್ಕೋಸ್ಕರ ಬೈರಾಯ್ಟ್‌ನಲ್ಲಿ ಆರ್ಕೆಸ್ಟ್ರಾವನ್ನ ವೇದಿಕೆ ಕೆಳಗೆ ಬಚ್ಚಿಡೋ ರಂಗಮಂದಿರ ಕಟ್ಟಿ 1876ರಲ್ಲಿ ತೆರೆದಿದ್ದೂ ಇವನೇ. ನಾನು ಕೇಳ್ತೀನಿ, ಆ ಲೇಖನವನ್ನ ಮರೀದೆ ಕೇಳ್ತೀನಿ. ಬೇಡ ಅನ್ನೋರ ಜೊತೆ ವಾದ ಮಾಡಲ್ಲ, ಆ ನೋವು ಅವರದ್ದು.

ಮಗ ಸ್ಕೂಲ್ ಆರ್ಕೆಸ್ಟ್ರಾದಲ್ಲಿ ಚೆಲ್ಲೋ ನುಡಿಸ್ತಾನೆ, ಈ ವರ್ಷ ದ್ವೋರ್ಜಾಕ್‌ನ "ನ್ಯೂ ವರ್ಲ್ಡ್" ಇದೆ. ಅವನಿಗೆ ಏನು ಹೇಳಿಕೊಡಲಿ? ಇದು ಅಮೆರಿಕದ ಸಂಗೀತಾನಾ?
— ಕನ್ನಡಿಗರು, ನ್ಯೂಜೆರ್ಸಿ

ಮೊದಲು ಮಗನಿಗೆ ಹೇಳಿ, ಇಡೀ ಸಿಂಫನಿ ಶುರುವಾಗೋದೇ ಚೆಲ್ಲೋಗಳಿಂದ, ಮೆಲ್ಲಗೆ, ನಿಧಾನವಾಗಿ, ಹಾಗಾಗಿ ಮೊದಲ ಉಸಿರು ಅವನದ್ದು. ಬರೆದಿದ್ದು ಬೊಹೀಮಿಯಾದ ಹಳ್ಳಿ ಕಟುಕನ ಮಗ, 1892ರಲ್ಲಿ ನ್ಯೂಯಾರ್ಕಿನ ನ್ಯಾಷನಲ್ ಕನ್ಸರ್ವೇಟರಿಗೆ ಮುಖ್ಯಸ್ಥನಾಗಿ ಬಂದವನು. ಕಪ್ಪು ಜನಾಂಗದ ವಿದ್ಯಾರ್ಥಿಗಳನ್ನೂ ಸೇರಿಸ್ಕೊಳ್ತಿದ್ದ ಶಾಲೆ ಅದು, ಹ್ಯಾರಿ ಬರ್ಲಿ ಅನ್ನೋ ವಿದ್ಯಾರ್ಥಿ ಅವನಿಗೆ ತನ್ನ ಜನರ ಸ್ಪಿರಿಚುವಲ್, ಅಂದ್ರೆ ಭಕ್ತಿಯ ಹಾಡುಗಳನ್ನ ಹಾಡಿ ಕೇಳಿಸ್ತಿದ್ದ. ಅಮೆರಿಕದ ನಾಳಿನ ಸಂಗೀತ ಈ ಹಾಡುಗಳ ಮೇಲೆ ನಿಲ್ಲಬೇಕು ಅಂತ ದ್ವೋರ್ಜಾಕ್ 1893ರಲ್ಲಿ ಪತ್ರಿಕೆಗೆ ಹೇಳಿದ, ಆಗಿನ ಕಾಲಕ್ಕೆ ಅದು ಎಂಥ ಧೈರ್ಯದ ಮಾತು ಯೋಚನೆ ಮಾಡಿ. ಅದೇ ವರ್ಷ ಡಿಸೆಂಬರ್ 16ಕ್ಕೆ ಕಾರ್ನಿಗಿ ಹಾಲ್‌ನಲ್ಲಿ ಈ ಸಿಂಫನಿ ಬಂತು. ಎರಡನೇ ಭಾಗದಲ್ಲಿ ಕೋರ್ ಆಂಗ್ಲೇ ಅನ್ನೋ ಊದುವ ವಾದ್ಯ ನುಡಿಸೋ ಆ ರಾಗವನ್ನ ಹಳೇ ಸ್ಪಿರಿಚುವಲ್ ಅಂತ ಎಷ್ಟೋ ಜನ ನಂಬಿದ್ದಾರೆ, ಅಲ್ಲ, ರಾಗ ದ್ವೋರ್ಜಾಕ್‌ನದೇ, ಅದಕ್ಕೆ ಮಾತು ಹೊಂದಿಸಿ ಹಾಡು ಮಾಡಿದ್ದು ಅವನ ಶಿಷ್ಯ, 1922ರಲ್ಲಿ. ಅಮೆರಿಕದ್ದು ಅಂದ್ರೂ ಸರಿ, ಊರು ಬಿಟ್ಟು ಬಂದವನ ಹಂಬಲ ಅಂದ್ರೂ ಸರಿ, ನ್ಯೂಜೆರ್ಸಿಯಲ್ಲಿ ಕೂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು, ಇಡೀ ಕೃತಿಯಲ್ಲಿ ಸಿಂಬಲ್ ಕೇಳಿಸೋದು ಒಂದೇ ಒಂದು ಸಲ, ಕೊನೇ ಭಾಗದಲ್ಲಿ, ಅದೂ ಮೆತ್ತಗೆ. ಎಲ್ಲಿ ಅಂತ ಮಗನೇ ಕಂಡುಹಿಡೀಲಿ.

ಚೌಡಯ್ಯ ಹಾಲ್‌ನಲ್ಲಿ ವೆಸ್ಟರ್ನ್ ಕಚೇರಿಗೆ ಹೋಗಿದ್ದೆ, ಮಧ್ಯ ಚಪ್ಪಾಳೆ ತಟ್ಟಿದ್ದಕ್ಕೆ ಪಕ್ಕದವರು ಕಣ್ಣು ಬಿಟ್ಟರು. ಯಾವಾಗ ತಟ್ಟಬೇಕು?
— ಓದುಗರು, ಬೆಂಗಳೂರು

ಒಂದು ಕೃತಿಗೆ ಮೂರು ನಾಲ್ಕು ಭಾಗ ಇರತ್ತೆ, ಈಗಿನ ರೂಢಿ ಪ್ರಕಾರ ಎಲ್ಲಾ ಮುಗಿದ ಮೇಲೆ ತಟ್ಟಬೇಕು. ಕಂಡಕ್ಟರ್ ಕೈ ಪೂರ್ತಿ ಕೆಳಗೆ ಇಳಿಸಿ ನಮ್ಮ ಕಡೆ ತಿರುಗೋವರೆಗೂ ಕಾಯಿರಿ, ಸಾಕು. ಆದ್ರೆ ನಿಮ್ಮ ಚಪ್ಪಾಳೆಗೆ ನಾಚ್ಕೋಬೇಡಿ, ಆ ಕಾಲದ ಜನ ಭಾಗ ಭಾಗಕ್ಕೂ ತಟ್ಟೋರು, 1813ರಲ್ಲಿ ಬೀಥೋವನ್‌ನ ಏಳನೇ ಸಿಂಫನಿಯ ಎರಡನೇ ಭಾಗ ಮುಗಿದ ತಕ್ಷಣ ಮತ್ತೊಮ್ಮೆ ನುಡಿಸಿ ಅಂತ ಕೂಗಿ ನುಡಿಸಿಕೊಂಡರು. ಸಂಗೀತಗಾರರಿಗೂ ಅದು ಬೇಕಿತ್ತು. 1859ರ ಜನವರಿಯಲ್ಲಿ ಲೈಪ್‌ಜಿಗ್‌ನಲ್ಲಿ 25 ವರ್ಷದ ಬ್ರಾಮ್ಸ್ ತನ್ನ ಮೊದಲ ಪಿಯಾನೋ ಕನ್ಸರ್ಟೋ ನುಡಿಸಿದಾಗ ಮೊದಲ ಎರಡು ಭಾಗಕ್ಕೆ ಯಾರೂ ಅಲ್ಲಾಡಲಿಲ್ಲ, ಕೊನೆಗೆ ಮೂರು ಜೊತೆ ಕೈ ನಿಧಾನಕ್ಕೆ ಸೇರೋಕೆ ಹೋದ್ರೆ ನಾಲ್ಕೂ ಕಡೆಯಿಂದ ಬುಸ್ ಅಂತ ಸದ್ದು ಮಾಡಿ ಬಾಯಿ ಮುಚ್ಚಿಸಿದ್ರು, ಗೆಳೆಯ ಯೋವಾಖಿಮ್‌ಗೆ ಬರೆದ ಪತ್ರದಲ್ಲಿ ಬ್ರಾಮ್ಸೇ ಹೇಳಿದ್ದಾನೆ. ಚೈಕೋವ್‌ಸ್ಕಿಯ ಆರನೇ ಸಿಂಫನಿಗೆ ಹೋದ್ರೆ ಮಾತ್ರ ಹುಷಾರು, ಮೂರನೇ ಭಾಗ ಡೋಲು ತಮಟೆ ಬಡಿದು ಮುಗಿದ ಹಾಗೇ ಮುಗಿಯತ್ತೆ, ಹಾಲ್‌ನಲ್ಲಿ ಅರ್ಧ ಜನ ತಟ್ಟಿಬಿಡ್ತಾರೆ, ಅದರ ಬೆನ್ನಿಗೇ ಬರೋ ನಾಲ್ಕನೇ ಭಾಗ ಇಡೀ ಕೃತಿಯಲ್ಲೇ ಅತ್ಯಂತ ದುಃಖದ್ದು.